ಪ್ರಭುಲಿಂಗನ ಎಂಜಲು ಪರೀಕ್ಷೆ

ಮಾಗಡಿಯ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಪ್ರಭುಲಿಂಗನಿಗೆ ಈ ಲೋಕದಲ್ಲಿ ಎರಡೇ ಆಸೆ. ಒಂದು ಮೈಕು, ಇನ್ನೊಂದು ಸಿಹಿ. ಮೈಕು ಕೈಗೆ ಸಿಕ್ಕರೆ ಊರಿನವರು ಕಿತ್ತುಕೊಳ್ಳುತ್ತಿದ್ದರು. ಸಿಹಿ ಕೈಗೆ ಸಿಕ್ಕರೆ ಹೆಂಡತಿ ಯಶೋಧಾ ಕಿತ್ತುಕೊಳ್ಳುತ್ತಿದ್ದಳು. ಶುಗರ್ ಬಂದಿದೆಯೆಂದು ಡಾಕ್ಟರು ಹೇಳಿದ ದಿನವೇ ಆಕೆ ಬೆಲ್ಲದ ಡಬ್ಬಿಯನ್ನು ಎಲ್ಲೋ ಅಡಗಿಸಿಬಿಟ್ಟಳು. ಅಂಗಡಿಯಲ್ಲಿ ಅಟ್ಟದವರೆಗೂ ಜೋಡಿಸಿರುವ ಡಬ್ಬಿಗಳಲ್ಲಿ ಯಾವ ಅಳತೆಯದು ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಮನುಷ್ಯನಿಗೆ ಸ್ವಂತ ಮನೆಯ ಆ ಒಂದು ಡಬ್ಬಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಮೈಕಿನ ಆಸೆಗೆ ದಾರಿ ಮಾಡಿಕೊಟ್ಟವರು ಪೊಲೀಸರು. ಕಾಲೇಜು ಹುಡುಗರ ಕೈಗೆ ಏನೇನೋ ಪುಡಿ, ಮಾತ್ರೆ ಸಿಗುತ್ತಿದೆಯೆಂಬ ಸುದ್ದಿ ಹಬ್ಬಿದ ಮೇಲೆ ಇನ್‌ಸ್ಪೆಕ್ಟರ್ ಯೋಗಾನಂದ ಅವರು ಅಂಗಡಿಯವರನ್ನೆಲ್ಲ ಸೇರಿಸಿ ಒಂದು ವ್ಯಸನಮುಕ್ತ ಸಮಿತಿ ಮಾಡಿದರು. ಅಧ್ಯಕ್ಷರಾಗುವವರಿಗೆ ಯಾವ ಚಟವೂ ಇರಬಾರದು ಎಂದರು. ಸಭೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ಪ್ರಭುಲಿಂಗನ ಮುಖ ನೋಡಿದರು. ಪಕ್ಕದ ಬಟ್ಟೆ ಅಂಗಡಿ ಲಕ್ಷ್ಮಯ್ಯನಿಗೆ ಮಾತ್ರ ಈ ಆಯ್ಕೆ ಹಿಡಿಸಲಿಲ್ಲ. ಆದರೆ ಅವನ ಬಾಯಿ ತುಂಬ ಎಲೆ ಅಡಿಕೆ ಇತ್ತು. ಅವನು ಹೊರಗೆ ಹೋಗಿ ಉಗಿದು ಬರುವಷ್ಟರಲ್ಲಿ ಪ್ರಭುಲಿಂಗ ಅವಿರೋಧವಾಗಿ ಆಯ್ಕೆಯಾಗಿ, ವಂದನಾರ್ಪಣೆಯನ್ನೂ ತಾನೇ ಮಾಡಿ ಮುಗಿಸಿದ್ದ.

ಸಮಿತಿಯ ಮೊದಲ ದೊಡ್ಡ ಕಾರ್ಯಕ್ರಮ ಕೋಟೆ ಮೈದಾನದಲ್ಲಿ. ಬೆಂಗಳೂರಿನ ಯಾವುದೋ ಹೊಸ ಕಂಪನಿಯವರು ಒಂದು ಯಂತ್ರ ತಂದು ತೋರಿಸುವವರಿದ್ದರು. ರಕ್ತ ಬೇಡ, ಲ್ಯಾಬು ಬೇಡ. ಬಾಯೊಳಗಿನ ಎಂಜಲನ್ನು ಒಂದು ಕಡ್ಡಿಗೆ ತಾಗಿಸಿ ಮೊಬೈಲಿಗೆ ತೋರಿಸಿದರೆ ಸಾಕು, ಆ ಮನುಷ್ಯ ಮಾದಕ ವಸ್ತು ತೆಗೆದುಕೊಂಡಿದ್ದಾನೋ ಇಲ್ಲವೋ ಎಂದು ಮೊಬೈಲೇ ಹೇಳುತ್ತದಂತೆ.

"ಮೊದಲ ಪರೀಕ್ಷೆ ನಂದೇ ಆಗ್ಲಿ ಸಾರ್," ಎಂದ ಪ್ರಭುಲಿಂಗ. "ಅಧ್ಯಕ್ಷ ಅಂದಮ್ಯಾಕೆ ಮಾದರಿಯಾಗಿರ್ಬೇಕು."

ಅಷ್ಟು ಹೇಳಿ ಸುಮ್ಮನಿರಲಿಲ್ಲ. ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ಅವನು ಕೈ ಮುಗಿದು ನಿಂತಿದ್ದ. ಕೆಳಗೆ 'ನನ್ನ ಬಾಯಿ ಶುದ್ಧ, ನಿಮ್ಮದು?' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಸ್ಸಿಗೆ ಕಾಯುತ್ತಿದ್ದ ಕೆಲವರು ಅದನ್ನು ಹಲ್ಲುಜ್ಜುವ ಪೇಸ್ಟಿನ ಜಾಹೀರಾತೆಂದು ತಿಳಿದರು.

ಕಾರ್ಯಕ್ರಮ ಮಧ್ಯಾಹ್ನದ ಮೇಲೆ. ಅದೇ ದಿನ ಬೆಳಿಗ್ಗೆ ಕುದೂರಿನಲ್ಲಿ ಒಂದು ನಾಮಕರಣ.

ಆ ಮನೆ ಬೇರೆ ಯಾರದೂ ಅಲ್ಲ, ಯಶೋಧಾಳ ಸ್ವಂತ ಅಕ್ಕ ವಿಮಲಮ್ಮನದು. ಅಕ್ಕ ತಂಗಿಗೆ ಮಾತು ನಿಂತು ವರ್ಷಗಳೇ ಆಗಿದ್ದವು. ಕಾರಣ ಏನೆಂದು ಕೇಳಿದರೆ ಯಶೋಧಾ ಒಂದು ಹೇಳುತ್ತಾಳೆ, ವಿಮಲಮ್ಮ ಇನ್ನೊಂದು ಹೇಳುತ್ತಾರೆ. ಗಂಡಂದಿರಿಬ್ಬರೂ ಬುದ್ಧಿವಂತರಾದ್ದರಿಂದ ಏನನ್ನೂ ಹೇಳುವುದಿಲ್ಲ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಅಲ್ಲಿಯ ನೀರು ಮುಟ್ಟುವುದಿಲ್ಲ ಎಂದು ಯಶೋಧಾ ಶಪಥ ಮಾಡಿದ್ದಳು. ಆ ಶಪಥದೊಳಗೆ ಗಂಡನನ್ನೂ ಅವನನ್ನು ಕೇಳದೆ ಸೇರಿಸಿಕೊಂಡಿದ್ದಳು.

ಹಿಂದಿನ ದಿನ ವಿಮಲಮ್ಮನ ಗಂಡ ಚನ್ನಲಿಂಗಪ್ಪನವರು ಅಂಗಡಿಗೆ ಫೋನ್ ಮಾಡಿದರು. ಪಿಸುಮಾತಿನಲ್ಲಿ ಮಾತಾಡಿದ್ದು ನೋಡಿದರೆ ಅವರೂ ಹಿತ್ತಿಲಲ್ಲಿ ನಿಂತು ಮಾಡಿದಂತಿತ್ತು.

"ಹೆಂಗಸರ ಜಗಳ ಹೆಂಗಸರಿಗಿರ್ಲಿ ತಮ್ಮಾ. ಮೊಮ್ಮಗೀಗೆ ನಾಳೆ ಹೆಸರಿಡ್ತಾ ಇವ್ನಿ. ನೀನು ಬಂದು ಒಂದು ತುತ್ತು ಉಂಡ್ಕೊಂಡು ಹೋಗು. ಗಸಗಸೆ ಪಾಯಸ ಮಾಡಿಸ್ತಾ ಇವ್ನಿ."

ಪ್ರಭುಲಿಂಗ ಬರುವುದಿಲ್ಲ ಎನ್ನಲು ಬಾಯಿ ತೆರೆದಿದ್ದ. ಕೊನೆಯ ಮಾತು ಕಿವಿಗೆ ಬಿದ್ದು ಬಾಯಿ ಹಾಗೇ ಮುಚ್ಚಿಕೊಂಡಿತು.

"ಕುದೂರಲ್ಲಿ ಒಬ್ರು ಇಡ್ಲಿ ಪಾತ್ರೆ ಕೇಳವ್ರೆ, ತೋರಿಸ್ಬುಟ್ಟು ಬತ್ತೀನಿ," ಎಂದು ಮನೆಯಲ್ಲಿ ಹೇಳಿ, ವ್ಯಾನಿನಲ್ಲಿ ನಿಜಕ್ಕೂ ಒಂದು ಇಡ್ಲಿ ಪಾತ್ರೆ ಇಟ್ಟುಕೊಂಡು ಹೊರಟ. ಸುಳ್ಳು ಹೇಳುವಾಗಲೂ ಸರಕು ಸರಿಯಾಗಿರಬೇಕು ಎನ್ನುವ ವ್ಯಾಪಾರಿ ಅವನು.

ಪಂಕ್ತಿಯಲ್ಲಿ ಅವನ ಎಡಕ್ಕೆ ಮಾಗಡಿಯವರೇ ಆದ ನಿವೃತ್ತ ಹೆಡ್‌ಮಾಸ್ತರ್ ವೆಂಕಟಯ್ಯ, ಬಲಕ್ಕೆ ಸ್ತ್ರೀಶಕ್ತಿ ಸಂಘದ ಅಂಕಮ್ಮ ಕುಳಿತಿದ್ದರು. ಅಂಕಮ್ಮ ಎಂದರೆ ಸಾಮಾನ್ಯರಲ್ಲ. ಬಸ್ ನಿಲ್ದಾಣದ ಹಿಂದಿದ್ದ ಸಾರಾಯಿ ಅಂಗಡಿಯ ಮುಂದೆ ಹೆಂಗಸರನ್ನು ಕೂರಿಸಿ ಅದನ್ನು ಊರಾಚೆಗೆ ಓಡಿಸಿದವರು. ಪಾಯಸ ಬಂತು. ಪ್ರಭುಲಿಂಗ "ಬ್ಯಾಡ, ಬ್ಯಾಡ" ಎಂದು ಲೋಟದ ಮೇಲೆ ಕೈ ಅಡ್ಡ ಹಿಡಿದ. ಬೆರಳುಗಳ ನಡುವೆ ಮಾತ್ರ ಧಾರಾಳವಾಗಿ ಜಾಗ ಬಿಟ್ಟಿದ್ದ. ವಿಮಲಮ್ಮನ ಪಾಯಸವೆಂದರೆ ನೀರು ನೀರಲ್ಲ. ಗಸಗಸೆಯನ್ನು ನುಣ್ಣಗೆ ಅರೆದು, ಕಾಯಿ, ಬೆಲ್ಲ, ಏಲಕ್ಕಿ ಬಿದ್ದು, ಲೋಟ ಬಗ್ಗಿಸಿದರೆ ಯೋಚನೆ ಮಾಡಿ ಕೆಳಗಿಳಿಯುವಂಥದು. ಮೊದಲ ಲೋಟ ಮರ್ಯಾದೆಗೆ, ಎರಡನೆಯದು ರುಚಿಗೆ, ಮೂರನೆಯದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಕೈ ತೊಳೆಯುವಾಗ ಇಬ್ಬರಿಗೂ ಗುಟ್ಟಾಗಿ ಕೈ ಮುಗಿದ. "ನಾನಿಲ್ಲಿಗೆ ಬಂದಿದ್ದು ಯಶೋಧಾಗೆ ಗೊತ್ತಾಗ್ಬಾರ್ದು. ಮಾತು ಕೊಡಿ."

"ನಾನ್ಯಾಕಪ್ಪ ಹೇಳ್ಲಿ? ಕೊಟ್ಟೆ ಕಣಪ್ಪ ಮಾತ," ಎಂದರು ಅಂಕಮ್ಮ. ವೆಂಕಟಯ್ಯನವರು ಮಾತಾಡದೆ ತುಟಿಯ ಮೇಲೆ ಬೆರಳಿಟ್ಟುಕೊಂಡರು, ಮೂವತ್ತು ವರ್ಷ ತರಗತಿಯಲ್ಲಿ ಇಟ್ಟುಕೊಂಡ ಹಾಗೆ.

ಇಬ್ಬರನ್ನೂ ತನ್ನ ವ್ಯಾನಿನಲ್ಲೇ ಕೂರಿಸಿಕೊಂಡು ಪ್ರಭುಲಿಂಗ ಮಾಗಡಿಗೆ ಬಂದಾಗ ಮೈದಾನ ತುಂಬಿತ್ತು. ಗಸಗಸೆಯ ಗುಣವೋ ಮೂರನೇ ಲೋಟದ ಗುಣವೋ, ಅವನ ಕಣ್ಣು ಎಳೆಯುತ್ತಿತ್ತು. ವೇದಿಕೆ ಹತ್ತುವಾಗ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟ. ಮುಂದಿನ ಸಾಲಿನಲ್ಲಿ ಯಶೋಧಾ ರೇಷ್ಮೆ ಸೀರೆ ಉಟ್ಟು ಕುಳಿತಿದ್ದಳು.

ಕಂಪನಿಯಿಂದ ಬಂದಿದ್ದ ರಮ್ಯಾ ಎಂಬ ಹುಡುಗಿ ಚೊಕ್ಕವಾಗಿ ವಿವರಿಸಿದಳು. "ಈ ಹತ್ತಿ ಕಡ್ಡೀನ ನಾಲಿಗೆ ಕೆಳಗೆ ಇಟ್ಕೋಬೇಕು. ಒದ್ದೆ ಆದ್ಮೇಲೆ ಈ ಸಣ್ಣ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೇನ ಫೋನಿಗೆ ಸಿಕ್ಕಿಸ್ತೀವಿ. ಒಳಗೆ ಮೂಡೋ ಗೆರೆಗಳನ್ನ ಫೋನಿನ ಕ್ಯಾಮೆರಾ ಓದಿ ರಿಸಲ್ಟ್ ಹೇಳುತ್ತೆ. ಇದು ಮೊದಲ ಹಂತದ ಪರೀಕ್ಷೆ ಅಷ್ಟೆ, ಆಮೇಲೆ ಆಸ್ಪತ್ರೇಲಿ ಖಚಿತ ಮಾಡ್ಕೋಬೇಕು." ಕೊನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಗಮನವೂ ಕಡ್ಡಿಯ ಮೇಲಿತ್ತು.

"ಸರ್, ಇವತ್ತು ಏನೇನು ತಿಂದಿದ್ದೀರಿ?" ಎಂದು ಕೇಳಿ ಆಕೆ ಮೈಕನ್ನು ಪ್ರಭುಲಿಂಗನ ಬಾಯಿಗೆ ಹಿಡಿದಳು.

ಪ್ರಭುಲಿಂಗ ಮುಂದಿನ ಸಾಲು ನೋಡಿದ. "ಬೆಳಿಗ್ಗೆ ಇಡ್ಲಿ. ಮಧ್ಯಾಹ್ನ ರಾಗಿ ಮುದ್ದೆ, ಸೊಪ್ಪಿನ ಸಾರು. ಸಿಹಿ ಅಂತೂ ಮುಟ್ಟಲ್ಲ!" ಇದನ್ನು ಯಾರೂ ಕೇಳಿರಲಿಲ್ಲ. ಯಶೋಧಾ ಅಕ್ಕಪಕ್ಕದವರ ಕಡೆ ತಿರುಗಿ ಹೆಮ್ಮೆಯಿಂದ ತಲೆಯಾಡಿಸಿದಳು.

ಕಡ್ಡಿ ಬಾಯಿಗೆ ಹೋಯಿತು. ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವನ ಜನ್ಮದಲ್ಲಿ ಇದೇ ಮೊದಲು. ತಡೆಯಲಾರದೆ ಕಡ್ಡಿ ಕಚ್ಚಿಕೊಂಡೇ ಭಾಷಣ ಶುರು ಮಾಡಿದ. "ಯುವಕಲೇ, ಚಟ ಅನ್ನೋದು..." ಎಂದು ಏನೋ ಹೇಳಿದ. ಯಾರಿಗೂ ಅರ್ಥವಾಗಲಿಲ್ಲ, ಆದರೆ ಅವನ ಭಾಷಣ ಕೇಳಿ ಅಭ್ಯಾಸವಿದ್ದವರಿಗೆ ವ್ಯತ್ಯಾಸವೇನೂ ಕಾಣಲಿಲ್ಲ.

ಎಲ್ಲರಿಗೂ ಕೇಳಲೆಂದು ರಮ್ಯಾ ಫೋನನ್ನು ಮೈಕಿಗೆ ಹಿಡಿದಳು. ಟಿವಿಯಲ್ಲಿ ವಾರ್ತೆ ಓದುವವಳಂಥ ಒಂದು ಹೆಣ್ಣು ದನಿ ಮೈದಾನದ ತುಂಬ ಮೊಳಗಿತು. "ಪರೀಕ್ಷೆ ಪೂರ್ಣಗೊಂಡಿದೆ. ಅಫೀಮು ವರ್ಗದ ಮಾದಕ ಅಂಶ ಪತ್ತೆಯಾಗಿದೆ. ದಯವಿಟ್ಟು ಅಧಿಕಾರಿಯನ್ನು ಸಂಪರ್ಕಿಸಿ."

ಫಲಿತಾಂಶ ಬಂದ ಕೂಡಲೇ ಚಪ್ಪಾಳೆ ತಟ್ಟಬೇಕೆಂದು ಕಾಲೇಜು ಹುಡುಗರಿಗೆ ಮೊದಲೇ ಹೇಳಿಕೊಟ್ಟಿತ್ತು. ಅವರು ತಟ್ಟಿದರು. ಪ್ರಭುಲಿಂಗ ನಾಲ್ಕು ದಿಕ್ಕಿಗೂ ಕೈ ಮುಗಿದ. "ಇದು ನನ್ನೊಬ್ಬನದಲ್ಲ, ಇಡೀ ಮಾಗಡಿಯ ಗೆಲುವು!" ಎಂದ.

ಆಮೇಲೆ ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಿನವರೆಗೆ ಒಂದೊಂದಾಗಿ ಸತ್ತಿತು.

ಇನ್‌ಸ್ಪೆಕ್ಟರ್ ಯೋಗಾನಂದ ಎರಡು ಹೆಜ್ಜೆ ಮುಂದೆ ಬಂದು ತಗ್ಗಿದ ದನಿಯಲ್ಲಿ, "ಸರ್, ಅದು ಹೇಳಿದ್ದು ಇದೆ ಅಂತ. ಇಲ್ಲ ಅಂತಲ್ಲ," ಎಂದರು. ದನಿ ತಗ್ಗಿಸಿದ್ದರೂ ಮೈಕು ಆನ್ ಇತ್ತು.

ರಮ್ಯಾ ಇನ್ನೊಂದು ಕಡ್ಡಿ ತೆಗೆದು ಮತ್ತೆ ಪರೀಕ್ಷೆ ಮಾಡಿದಳು. ಹೆಣ್ಣು ದನಿ ಒಂದಕ್ಷರ ಬದಲಿಸದೆ ಅದನ್ನೇ ಹೇಳಿತು. ಲಕ್ಷ್ಮಯ್ಯ ಈ ಸಲ ಬಾಯಿ ಖಾಲಿ ಮಾಡಿಕೊಂಡೇ ಬಂದಿದ್ದ. "ನಾನು ಅವತ್ತೇ ಅಂದ್ಕಂಡೆ ಕಣ್ರಯ್ಯ. ಇಡೀ ದಿನ ವ್ಯಾಪಾರ ಇಲ್ದಿದ್ರೂ ನಗ್ನಗ್ತಾ ಕೂತಿರ್ತಿದ್ದ. ಸುಮ್ನೆ ನಗು ಬತ್ತದಾ? ಕಣ್ಣು ನೋಡ್ರಿ, ಹೆಂಗೆ ಮುಚ್ಕತಾವೆ!"

ವೆಂಕಟಯ್ಯನವರಿಗೆ ಸಹಿಸಲಾಗಲಿಲ್ಲ. ದಡದಡನೆ ವೇದಿಕೆ ಹತ್ತಿದರು. "ಈ ಯಂತ್ರ ಶುದ್ಧ ಅವಿವೇಕಿ! ನಾನು ಆಯುಷ್ಯದಲ್ಲಿ ನಶ್ಯ ಕೂಡ ಮೂಸಿದವನಲ್ಲ. ನನಗೆ ಹಾಕಮ್ಮ ಕಡ್ಡಿ, ನೋಡೋಣ." ಹಾಕಿದರು. ಅಫೀಮು ವರ್ಗದ ಅಂಶ ಪತ್ತೆಯಾಯಿತು. ಮೇಷ್ಟ್ರ ಬಳಿ ಏಟು ತಿಂದು ಬೆಳೆದವರು ಮೈದಾನದ ತುಂಬ ಇದ್ದರು. ಯಾವ ಜನ್ಮದ ಪುಣ್ಯವೋ ಎಂಬಂತೆ ಅವರೆಲ್ಲ ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು.

"ಬುಡಿ ಅತ್ಲಾಗೆ, ಗಂಡಸರ ಬಾಯಿ ನಂಬಕಾಗಕಿಲ್ಲ," ಎಂದು ಅಂಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಅವರಿಗೂ ಪತ್ತೆಯಾಯಿತು.

ಊರಿನ ಮೂವರು ಮರ್ಯಾದಸ್ಥರು ಬಾಯಿಂದ ಕಡ್ಡಿ ತೆಗೆದು ಸಾಲಾಗಿ ನಿಂತಿದ್ದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಮೇಡಂ, ಇದು ಎಲ್ರಿಗೂ ಇದೆ ಅಂತಾನೇ ಹೇಳುತ್ತೋ ಹೆಂಗೆ? ನಿಜವಾಗಲೂ ಅಮಲಲ್ಲಿರೋ ಒಬ್ಬರ ಮೇಲೆ ನೋಡಿಬಿಡೋಣ."

ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನಿವೃತ್ತ ಲೈನ್‌ಮನ್ ದೊಡ್ಡಮುನಿಯಪ್ಪ ಶಾಮಿಯಾನದ ಕಂಬವನ್ನು ತಬ್ಬಿಕೊಂಡು ನಿಂತಿದ್ದ. ಕಂಬ ಅವನನ್ನು ಹಿಡಿದಿತ್ತೋ ಅವನು ಕಂಬವನ್ನು ಹಿಡಿದಿದ್ದನೋ ಹೇಳಲಾಗುತ್ತಿರಲಿಲ್ಲ. ಊರಾಚೆಗೆ ಹೋದ ಸಾರಾಯಿ ಅಂಗಡಿಯ ಜೊತೆ ಊರಾಚೆಗೆ ನಡೆದು ಹೋಗಿ ಬರುವ ನಿಷ್ಠಾವಂತ ಅವನು. "ಸರ್, ಇದು ಹೆಂಡಕ್ಕಲ್ಲ, ಇದು ಬೇರೆ..." ಎಂದು ರಮ್ಯಾ ಹೇಳುವಷ್ಟರಲ್ಲಿ ಇಬ್ಬರು ಪೇದೆಗಳು ಅವನನ್ನು ಎತ್ತಿ ತಂದು ಕಡ್ಡಿ ಇಟ್ಟಾಗಿತ್ತು.

"ಪರೀಕ್ಷೆ ಪೂರ್ಣಗೊಂಡಿದೆ. ಯಾವುದೇ ಮಾದಕ ಅಂಶ ಪತ್ತೆಯಾಗಿಲ್ಲ. ಧನ್ಯವಾದಗಳು."

ದೊಡ್ಡಮುನಿಯಪ್ಪನ ಕಣ್ಣು ತೆರೆಯಿತು. "ಏನಂದ್ಲು? ತಾಯೀ, ಇನ್ನೊಂದ್ಸಲ ಹೇಳ್ಸವ್ವ, ನಮ್ಮ ಮನ್ಯೋಳಿಗೆ ಫೋನ್ ಹಚ್ತೀನಿ, ಅವಳೂ ಒಸಿ ಕೇಳ್ಲಿ." ಶುದ್ಧನೆಂದು ಸಾಬೀತಾದ ಮೊದಲ ನಾಗರಿಕನಿಗೆ ಹೊದಿಸಲು ಶಾಲೊಂದನ್ನು ತಂದಿಟ್ಟಿದ್ದರು. ನಿಯಮ ನಿಯಮವೇ ತಾನೆ? ಅವನಿಗೇ ಹೊದಿಸಿದರು. ಅವನು ಶಾಲು ಹೊದ್ದು ಪ್ರಭುಲಿಂಗನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, ತುಂಬಿದ ಕಣ್ಣಿನಿಂದ ಹೇಳಿದ: "ಬುಟ್ಬುಡಿ ಸಾಮಿ. ಈ ವಯಸ್ಸಲ್ಲಿ ಬ್ಯಾಡ. ಸಂಸಾರಸ್ಥರು ನೀವು."

ಮೂವರನ್ನೂ ಠಾಣೆಗೆ ಕರೆದೊಯ್ದರು. ಕರೆದೊಯ್ದರು ಎನ್ನಬಾರದು, "ಒಸಿ ಟೀ ಕುಡಿಯೋಣ ಬನ್ನಿ" ಎಂದರು. ಅಲ್ಲಿಗೆ ಹೋಗುವುದರೊಳಗೆ ಅಫೀಮು ಗಾಂಜಾ ಆಗಿ, ಗಾಂಜಾ ಬಿಳಿ ಪುಡಿಯಾಗಿ, ಪ್ರಭುಲಿಂಗನ ಅಂಗಡಿಯ ಕುಕ್ಕರುಗಳಿಗೆ ಎರಡೆರಡು ತಳ ಇದೆಯೆಂಬಲ್ಲಿಗೆ ಸುದ್ದಿ ಮುಟ್ಟಿತ್ತು. ಪೇಟೆಯಲ್ಲಿ ಹೆಂಗಸರು ತಾವು ಕೊಂಡ ಪಾತ್ರೆಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು.

ಠಾಣೆಯ ಜಗಲಿಯಲ್ಲಿ ರಮ್ಯಾ ಬೆಂಗಳೂರಿನ ತನ್ನ ಮೇಲಿನವರಿಗೆ ಫೋನ್ ಮಾಡಿ ಮಾತಾಡಿದಳು. ಫೋನ್ ಇಟ್ಟವಳೇ ಸೀದಾ ಬಂದು, "ಒಂದೇ ಒಂದು ಪ್ರಶ್ನೆ. ನಿಮ್ಮಲ್ಲಿ ಯಾರಾದ್ರೂ ಇವತ್ತು ಗಸಗಸೆ ತಿಂದ್ರಾ? ಅಫೀಮಿನ ಗಿಡದ ಬೀಜವೇ ಅದು. ತಿಂದ ಸ್ವಲ್ಪ ಹೊತ್ತು ಬಾಯಲ್ಲಿ ಹೀಗೆ ತೋರಿಸಬಹುದಂತೆ. ತಿಂದಿದ್ರೆ ಭಯ ಏನಿಲ್ಲ, ಹೇಳಿಬಿಡಿ," ಎಂದಳು.

ಪ್ರಭುಲಿಂಗನ ಎದೆಯೊಳಗೆ ದೀಪ ಹತ್ತಿತು. ತಲೆಯೆತ್ತಿ ಬಾಯಿ ತೆರೆದ. ಎದುರಿಗೆ, ಠಾಣೆಯ ಬಾಗಿಲಿನಲ್ಲಿ, ಸೆರಗು ಬಿಗಿದು ಯಶೋಧಾ ನಿಂತಿದ್ದಳು.

"ನಮ್ಮ ಮನೇಲಿ ಗಸಗಸೆ ಕಾಲಿಟ್ಟು ಎಷ್ಟೋ ಕಾಲ ಆಯ್ತು," ಎಂದಳು ಆಕೆ. "ಇವರು ಸಿಹಿ ಮುಟ್ಟಲ್ಲ. ಹೇಳ್ರೀ, ಹೇಳಿ ಅವರಿಗೆ."

ಮನುಷ್ಯನ ಜೀವನದಲ್ಲಿ ಇಂಥ ಗಳಿಗೆ ಬರಬಾರದು. ಒಂದು ಕಡೆ ಕಾನೂನು, ಇನ್ನೊಂದು ಕಡೆ ಯಶೋಧಾ. ಕಾನೂನಾದರೆ ಜಾಮೀನು ಕೊಡುತ್ತದೆ.

"ಇಲ್ಲ," ಎಂದ ಪ್ರಭುಲಿಂಗ.

ವೆಂಕಟಯ್ಯನವರು ಅವನನ್ನು ನೋಡಿದರು. ಅಂಕಮ್ಮ ಅವನನ್ನು ನೋಡಿದರು. ಅವನು ಕೆಮ್ಮಿದ. "ನಾನೂ ತಿಂದಿಲ್ಲ," ಎಂದು ವೆಂಕಟಯ್ಯ ಛಾವಣಿ ನೋಡಿಕೊಂಡು ಹೇಳಿದರು. ಅಂಕಮ್ಮ, "ಮಾತು ಕೊಟ್ಮೇಲೆ ಆಯ್ತು. ನಾನೂ ತಿಂದಿಲ್ಲ ಬರ್ಕಳಿ," ಎಂದರು. ಯಾವ ಮಾತು, ಯಾರಿಗೆ ಕೊಟ್ಟಿದ್ದು ಎಂದು ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ.

"ಹಾಗಾದ್ರೆ ನನ್ನ ಕೈಲೇನೂ ಇಲ್ಲ," ಎಂದು ಅವರು ನಿಟ್ಟುಸಿರು ಬಿಟ್ಟರು. "ರಾಮನಗರದ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕು. ಜೀಪ್ ತೆಗೀರಿ."

ಜೀಪು ಬಂತು. ಠಾಣೆಯ ಮುಂದೆ ಜನ ಸೇರಿದ್ದರು. ಸ್ತ್ರೀಶಕ್ತಿ ಸಂಘದ ಹೆಂಗಸರು ಒಂದು ಕಡೆ ಗುಂಪಾಗಿ ನಿಂತಿದ್ದರು, ಅಂಕಮ್ಮನನ್ನು ನೋಡಿದವರೇ ತಲೆ ತಗ್ಗಿಸಿದರು. ಸಾರಾಯಿ ಅಂಗಡಿಯವನೂ ಬಂದಿದ್ದ. ಅವನು ತಲೆ ತಗ್ಗಿಸಲಿಲ್ಲ, ಕೈ ಕಟ್ಟಿಕೊಂಡು ನಗುತ್ತಿದ್ದ. ಅಂಕಮ್ಮ ಯಾರ ಕಡೆಗೂ ನೋಡದೆ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಜೀಪಿನ ಕಂಬಿ ಹಿಡಿದು ಹತ್ತಲು ನೋಡಿದರು. ಮಂಡಿ ನೋವಿನ ಕಾಲು ಮೇಲೇಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಬಾಯಿ ಮಾತ್ರ ಬಿಡಲಿಲ್ಲ.

ಪ್ರಭುಲಿಂಗನಿಗೆ ಅಷ್ಟು ಹೊತ್ತೂ ಎಳೆಯುತ್ತಿದ್ದ ನಿದ್ದೆ ಆಗ ಪೂರ್ತಿ ಬಿಟ್ಟಿತು.

"ಇಳೀರಿ ಅಂಕಮ್ಮೋರೇ!" ಎಂದು ಕೂಗಿದ. ಜೀವಮಾನದಲ್ಲಿ ಮೈಕಿಲ್ಲದೆ ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಸಾರ್, ತಿಂದೆ! ಗಸಗಸೆ ಪಾಯಸ ತಿಂದೆ! ಇವರಿಬ್ರೂ ತಿಂದ್ರು, ನನ್ನ ಪಕ್ಕದಲ್ಲೇ ಕುಂತ್ಕಂಡು ತಿಂದ್ರು. ಹೇಳ್ಬ್ಯಾಡಿ ಅಂತ ಮಾತು ಈಸ್ಕಂಡಿದ್ದೇ ನಾನು!"

ಜನವೆಲ್ಲ ಯಶೋಧಾಳ ಕಡೆ ತಿರುಗಿತು. ಇನ್‌ಸ್ಪೆಕ್ಟರ್ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

"ಎಲ್ಲಿ?" ಎಂದಳು ಯಶೋಧಾ.

"ಕುದೂರಲ್ಲಿ."

"ಕುದೂರಲ್ಲಿ ಯಾರ ಮನೇಲಿ?"

"ಇಡ್ಲಿ ಪಾತ್ರೆ..." ಎಂದು ಶುರು ಮಾಡಿ ಅವನೇ ನಿಲ್ಲಿಸಿದ. "ನಿಮ್ಮಕ್ಕನ ಮನೇಲಿ ಕಣೇ. ಮೊಮ್ಮಗೀಗೆ ನಾಮಕರಣ ಇತ್ತು."

"ಎಷ್ಟು ಕುಡಿದ್ರಿ?"

"ಮೂರು ಲೋಟ."

"ಸಾರ್," ಎಂದು ಪೇದೆಯೊಬ್ಬ ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದ, "ಆವಯ್ಯನ್ನ ಒಳಗೆ ಕೂರಿಸ್ಬುಡೋದೇ ಕ್ಷೇಮ ಅನ್ನಿಸ್ತದೆ."

ಆದರೆ ಯಶೋಧಾ ಗಂಡನ ಮೇಲೆ ಏರಿ ಹೋಗಲಿಲ್ಲ. ಆಕೆಯ ಕೋಪ ಮೂರು ಲೋಟವನ್ನು ದಾಟಿ, ಅದನ್ನು ಬಡಿಸಿದ ಕೈಯವರೆಗೆ ಹೋಗಿತ್ತು. "ಶುಗರ್ ಇರೋ ನನ್ನ ಗಂಡನಿಗೆ ಪಾಯಸ ಹೊಯ್ದಿದ್ದಾಳೆ. ನಡೀರಿ ಸಾರ್ ಕುದೂರಿಗೆ. ಆವಮ್ಮನ್ನ ನಾನು ಕೇಳ್ಬೇಕು."

ರಮ್ಯಾಳಿಗೂ ಕುದೂರಿಗೆ ಹೋಗಬೇಕಿತ್ತು. "ಬಾಯಿಮಾತು ಸಾಲದು ಸರ್. ಅದೇ ಪಾಯಸ ಬೇಕು. ಇನ್ನೂ ತಿನ್ನದೇ ಇರೋ ಒಬ್ಬರಿಗೆ ಮೊದಲು ಒಂದು ಟೆಸ್ಟ್ ಮಾಡಿ, ಪಾಯಸ ಕುಡಿಸಿ, ಇನ್ನೊಂದು ಟೆಸ್ಟ್ ಮಾಡಿದ್ರೆ ಎಲ್ಲ ಗೊತ್ತಾಗುತ್ತೆ."

ಹೀಗೆ ರಾಮನಗರಕ್ಕೆ ಹೊರಟಿದ್ದ ಜೀಪು ಕುದೂರಿಗೆ ತಿರುಗಿತು. ಅಂಕಮ್ಮನನ್ನೂ ವೆಂಕಟಯ್ಯನವರನ್ನೂ ಮನೆಗೆ ಕಳಿಸಿ, ಇನ್‌ಸ್ಪೆಕ್ಟರು, ರಮ್ಯಾ, ಯಶೋಧಾ, ಪ್ರಭುಲಿಂಗ ಹೊರಟರು. ದಾರಿಯುದ್ದಕ್ಕೂ ಯಶೋಧಾ ಮಾತಾಡಲಿಲ್ಲ. ಪ್ರಭುಲಿಂಗ ಮಾತಾಡುವಷ್ಟು ದಡ್ಡನಲ್ಲ.

ಕುದೂರಿನ ಮನೆಯಲ್ಲಿ ನೆಂಟರು ಇನ್ನೂ ಇದ್ದರು. ಪೊಲೀಸ್ ಜೀಪಿನಿಂದ ಷಡ್ಡಕ ಇಳಿದದ್ದು ಕಂಡು ಚನ್ನಲಿಂಗಪ್ಪನವರ ಕೈಯಲ್ಲಿದ್ದ ಎಲೆ ಅಡಿಕೆ ತಟ್ಟೆ ನೆಲಕ್ಕೆ ಬಿತ್ತು. ವಿಮಲಮ್ಮ ಒಳಗಿಂದ ಬಂದು ನಿಂತರು. ಯಶೋಧಾ ಹೊಸ್ತಿಲ ಈಚೆ ನಿಂತಳು. ನಡುವೆ ಇನ್‌ಸ್ಪೆಕ್ಟರ್ ಯೋಗಾನಂದ ಸಿಕ್ಕಿಹಾಕಿಕೊಂಡರು.

"ಸಾರ್, ಕೇಳಿ ಅವರನ್ನ," ಎಂದಳು ಯಶೋಧಾ, "ಶುಗರ್ ಇರೋ ಮನುಷ್ಯನಿಗೆ ಪಾಯಸ ಬಡಿಸಬಹುದಾ ಅಂತ."

"ಸಾರ್, ಹೇಳಿ ಅವರಿಗೆ," ಎಂದರು ವಿಮಲಮ್ಮ, "ಗಂಡನ ಆರೋಗ್ಯ ಹಿಂಗೈತೆ ಅಂತ ಅಕ್ಕನಿಗೆ ಒಂದು ಫೋನ್ ಮಾಡಿದ್ರೆ ಗೊತ್ತಾಯ್ತಿತ್ತು ಅಂತ."

ಇನ್‌ಸ್ಪೆಕ್ಟರು ಎರಡನ್ನೂ ಅಕ್ಷರ ಬಿಡದೆ ತಲುಪಿಸಿದರು. ಎಂತೆಂಥ ಗಲಭೆಗಳನ್ನು ನಿಭಾಯಿಸಿದ ಅಧಿಕಾರಿ ಅವರು. ಅಂಥ ಕಷ್ಟ ಎಲ್ಲೂ ಬಂದಿರಲಿಲ್ಲ ಎಂದು ಆಮೇಲೆ ಹೇಳಿಕೊಂಡರು.

ಪಾಯಸ ಬಂತು. ಈಗ ಕುಡಿಯುವವರು ಯಾರು? ಮನೆಯವರೆಲ್ಲ ಆಗಲೇ ಕುಡಿದಿದ್ದರು. ರಮ್ಯಾ ಯಂತ್ರ ನೋಡಿಕೊಳ್ಳಬೇಕು. ಇನ್‌ಸ್ಪೆಕ್ಟರು ಲೋಟವನ್ನು ಆಸೆಯಿಂದಲೇ ನೋಡಿ, "ನಾನು ಯೂನಿಫಾರ್ಮಲ್ಲಿದ್ದೀನಮ್ಮ. ಪಾಸಿಟಿವ್ ಬಂದ್ರೆ ನನ್ನನ್ನ ನಾನೇ ಕರ್ಕೊಂಡು ಹೋಗ್ಬೇಕಾಗುತ್ತೆ," ಎಂದರು. ಪ್ರಭುಲಿಂಗ "ಬೇಕಾದ್ರೆ ನಾನು ಇನ್ನೊಂದ್ಸಲ..." ಎಂದ. ಅವನ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ.

ಉಳಿದವಳು ಒಬ್ಬಳೇ. ಯಶೋಧಾ ಗಂಡನ ಮುಖ ನೋಡಿದಳು. ಅವನ ಕೊರಳಿನಲ್ಲಿ ಮಧ್ಯಾಹ್ನ ಚಪ್ಪಾಳೆಯ ಹೊತ್ತಿಗೆ ಯಾರೋ ಹಾಕಿದ್ದ ಹಾರ ಬಾಡಿ ನೇತಾಡುತ್ತಿತ್ತು. ತೆಗೆಯಬೇಕೆಂದು ಅವನಿಗೂ ಹೊಳೆದಿರಲಿಲ್ಲ, ಬೇರೆಯವರಿಗೂ ಹೊಳೆದಿರಲಿಲ್ಲ. ಆಕೆ ಒಂದು ಸಲ ಹೊಸ್ತಿಲು ನೋಡಿದಳು. ಆಮೇಲೆ ಸೀರೆ ಎತ್ತಿಕೊಂಡು ದಾಟಿ ಒಳಗೆ ಬಂದು, ಚಾಪೆಯ ಮೇಲೆ ಕುಳಿತು, "ತಗೊಳಮ್ಮ ಟೆಸ್ಟು," ಎಂದು ಬಾಯಿ ತೆರೆದಳು.

ಮೊದಲ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ವಿಮಲಮ್ಮ ಲೋಟವನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟರು, ಇನ್‌ಸ್ಪೆಕ್ಟರು ಯಶೋಧಾಳ ಕೈಗೆ ಕೊಟ್ಟರು. ಆಕೆ ಒಂದು ಗುಟುಕು ಕುಡಿದು ನಿಲ್ಲಿಸಿದಳು. ಇನ್ನೊಂದು ಗುಟುಕು.

"ಸಾರ್, ಕೇಳಿ ಅವರನ್ನ. ಇದಕ್ಕೆ ಹಸಿ ಕಾಯಿ ಹಾಕಿದಾರಾ?"

"ಹೂಂ ಅನ್ನಿ ಸಾರ್. ಕಾಯೇ."

"ನಮ್ಮವ್ವ ಕೊಬ್ಬರಿ ಹಾಕ್ತಿತ್ತು ಅಂತ ಹೇಳಿ."

"ಅವ್ವ ಯಾವಾಗ್ಲೇ ಕೊಬ್ಬರಿ ಹಾಕ್ತು?" ಎಂದು ವಿಮಲಮ್ಮ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. "ಹಬ್ಬಕ್ಕೆ ಕಾಯಿ, ಬಾಣಂತೀಗೆ ಕೊಬ್ಬರಿ. ನಿಂಗೇನು ಗೊತ್ತು? ನೀನು ಒಲೆ ಮುಂದೆ ಬಿದ್ದು ನಿದ್ದೆ ಹೊಡೀತಿದ್ದೆ."

"ನಿದ್ದೆ ಬರ್ಸಿದ್ದು ಯಾರು? ಅವ್ವನ ಕಣ್ಣು ತಪ್ಪಿಸಿ ಪಾಯಸ ತಂದು ನನ್ನ ಬಾಯಿಗೆ ಹುಯ್ದೋಳು ನೀನೇ ಅಲ್ವಾ?"

"ಹುಯ್ಯದೆ? ಹಸಿವು ಅಂತ ಅಳ್ತಾ ಇದ್ದೆ, ನೋಡ್ಕೊಂಡಿರಕ್ಕಾಯ್ತದಾ?"

ಯಶೋಧಾ ಲೋಟ ಕೆಳಗಿಟ್ಟಳು. ಮತ್ತೆ ಲೋಟ ಎತ್ತಿಕೊಂಡು ಬರಿದು ಮಾಡಿ ಮುಂದಕ್ಕೆ ಚಾಚಿದಳು. ವಿಮಲಮ್ಮ ಪಾತ್ರೆಯನ್ನೇ ತಂದು ಪಕ್ಕದಲ್ಲಿ ಕುಳಿತು ತುಂಬಿದರು.

"ಮಗೀಗೆ ಏನು ಹೆಸರಿಟ್ರಿ?"

"ಅವ್ವನ ಹೆಸರೇ ಕಣೇ. ಶಾಲೆಗೆ ಏನೋ ಹೊಸ ಹೆಸರಂತೆ, ಮನೇಲಿ ಮಾತ್ರ ಅವ್ವಂದೇ. ನೋಡ್ತೀಯಾ? ಮೂಗು ಥೇಟ್ ನಿಂದೇ."

ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ಒಟ್ಟಿಗೆ ಅತ್ತರು, ಮಗುವನ್ನು ತರಿಸಿ ತೊಡೆಯ ಮೇಲಿಟ್ಟುಕೊಂಡು ಮೂಗಿನ ವಿಚಾರಕ್ಕೆ ಮತ್ತೆ ಜಗಳವಾಡಿದರು. ರಮ್ಯಾ ಹೇಗೋ ಸಂದು ಮಾಡಿಕೊಂಡು ಯಶೋಧಾಳ ಬಾಯಿಗೆ ಕಡ್ಡಿ ಇಟ್ಟು ತೆಗೆದಳು. ಫೋನು ತನ್ನ ಗಂಭೀರ ದನಿಯಲ್ಲಿ ಅಫೀಮು ವರ್ಗದ ಮಾದಕ ಅಂಶ ಪತ್ತೆಯಾಗಿದೆಯೆಂದು ಘೋಷಿಸಿತು. ಅಕ್ಕ ತಂಗಿಯ ಮಾತಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅಧಿಕಾರಿಯನ್ನು ಸಂಪರ್ಕಿಸಿ ಎಂದದ್ದನ್ನು ಅಧಿಕಾರಿ ಮಾತ್ರ ಕೇಳಿಸಿಕೊಂಡು ದೊಡ್ಡ ಉಸಿರು ಬಿಟ್ಟರು.

"ಮುಗೀತು ಬಿಡಿ ಸರ್," ಎಂದು ಪ್ರಭುಲಿಂಗನ ಕೈ ಕುಲುಕಿದರು. "ನಾಳೆ ಬೆಳಿಗ್ಗೆ ನಾನೇ ಮೈಕ್ ಹಾಕಿಸಿ ಪೇಟೇಲಿ ಹೇಳಿಸ್ತೀನಿ. ಅಂಕಮ್ಮೋರ ಹೆಸರು ಮೊದಲು ಹೇಳಿಸ್ತೀನಿ."

ಚನ್ನಲಿಂಗಪ್ಪನವರು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಇನ್‌ಸ್ಪೆಕ್ಟರಿಗೆ, ರಮ್ಯಾಳಿಗೆ ಪಾಯಸ ಬಿತ್ತು. ಪ್ರಭುಲಿಂಗನ ಲೋಟಕ್ಕೆ ಅಕ್ಕ ತಂಗಿ ಇಬ್ಬರೂ ಸೇರಿ ಮಜ್ಜಿಗೆ ಹಾಕಿದರು. ಅಲ್ಲಿಯವರೆಗೆ ಅವನನ್ನು ಕಾಯಲು ಒಬ್ಬಳಿದ್ದಳು. ಇನ್ನು ಮೇಲೆ ಇಬ್ಬರು.

ಹೊರಡುವ ಹೊತ್ತಿಗೆ ಯಶೋಧಾ ಜೀಪಿನ ಹತ್ತಿರವೂ ಬರಲಿಲ್ಲ. "ನಾನು ನಾಕು ದಿನ ಇಲ್ಲೇ ಇರ್ತೀನಿ. ಫ್ರಿಜ್ಜಲ್ಲಿ ಹಿಟ್ಟೈತೆ, ದೋಸೆ ಹುಯ್ಕಳಿ. ಮಾತ್ರೆ ಮರೀಬೇಡಿ," ಎಂದು ಒಳಗಿನಿಂದಲೇ ಕೂಗಿದಳು.

ಪೊಲೀಸ್ ಜೀಪು ಪೇಟೆ ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ಅಂಗಡಿಯವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಜೋಡಿಯಾಗಿ ಹೋದವರಲ್ಲಿ ಪ್ರಭುಲಿಂಗ ಒಬ್ಬನೇ ಇಳಿದ. ಇನ್‌ಸ್ಪೆಕ್ಟರು ಸೆಲ್ಯೂಟ್ ಹೊಡೆದು ಹೊರಟುಹೋದರು. ಲಕ್ಷ್ಮಯ್ಯ ಓಡಿ ಬಂದ. ಪಾಪ, ನಿಜವಾಗಿಯೂ ಗಾಬರಿಯಾಗಿದ್ದ.

"ಏನಾಯ್ತಪ್ಪ? ಯಶೋಧಮ್ಮ ಎಲ್ಲಿ?"

ಪ್ರಭುಲಿಂಗ ಒಂದು ದಿನಕ್ಕೆ ಸಾಕಷ್ಟು ಸುಳ್ಳು ಹೇಳಿ ಸುಸ್ತಾಗಿದ್ದ. ಇನ್ನು ಮೇಲೆ ನಿಜವನ್ನೇ ಹೇಳಬೇಕೆಂದು ಜೀಪಿನಲ್ಲಿ ಬರುವಾಗ ತೀರ್ಮಾನಿಸಿಯೂ ಇದ್ದ.

"ಅವಳಿಗೂ ಪಾಸಿಟಿವ್ ಬಂತು ಕಣಯ್ಯ," ಎಂದ. "ಅಲ್ಲೇ ಇಟ್ಕೊಂಡ್ರು."

ಲಕ್ಷ್ಮಯ್ಯನ ಬಾಯಿ ತೆರೆದುಕೊಂಡಿತು. "ಆವಮ್ಮನಿಗೂವಾ!"

"ಹೂಂ. ನಮ್ಮತ್ತಿಗೇನೂ ಜೊತೇಲವ್ರೆ," ಎಂದು ಪ್ರಭುಲಿಂಗ ಬೀಗದ ಕೈ ಹುಡುಕುತ್ತ ಮನೆಯ ಮೆಟ್ಟಿಲು ಹತ್ತಿದ. "ಈಗ ಇಬ್ರೂ ಭಾರಿ ಖುಷಿಯಾಗವ್ರೆ ಕಣಯ್ಯ. ನಾನು ಬರೋ ಹೊತ್ಗೆ ಎರಡನೇ ಪಾತ್ರೆಗೆ ಕೈ ಹಾಕಿದ್ರು."